ಬಿಳಿಚಿದ ತೇಗ: ಹಳೆ ಬೋಟಿನ ಕ್ಯಾಬಿನ್ ಮರಗೆಲಸಕ್ಕೆ ಬೆಂಗಳೂರಿನಲ್ಲಿ ಮರುಪಾಲಿಶ್

ಮಂಗಳೂರಿನ ಹಿನ್ನೀರಿನಲ್ಲಿ ಕಟ್ಟಿಹಾಕಿರುವ 31 ಅಡಿಯ ಮರದ ಬೋಟು ಇದು. ಮಾಲೀಕರ ಮನೆ ಜಯನಗರದಲ್ಲಿ. ಬೋಟಿಗೆ ಹೋಗಿಬರುವುದು ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಅದೂ ಇಲ್ಲ. ಮೂರು ವರ್ಷದ ಹಿಂದೆ ಕ್ಯಾಬಿನ್ನಿನ ಬಾಗಿಲು, ಕಪಾಟಿನ ಕದಗಳು, ಮಡಚುವ ಮೇಜು ಇಷ್ಟನ್ನು ಬಿಚ್ಚಿ ಬೆಂಗಳೂರಿಗೆ ತಂದು ಪಾಲಿಶ್ ಮಾಡಿಸಿದ್ದರು. ಏಪ್ರಿಲ್‌ನಲ್ಲಿ ಮುಖ ಕಾಣುವಷ್ಟು ಹೊಳೆಯುತ್ತಿದ್ದ ಬಾಗಿಲು ಜುಲೈ ಹೊತ್ತಿಗೆ ಹಾಲು ಚೆಲ್ಲಿದ ಹಾಗೆ ಬಿಳಿಚಿತು. ಎರಡು ಬಾಗಿಲುಗಳಲ್ಲಿ ಒಂದು ಉಬ್ಬಿ ತೆರೆಯಲೇ ಬಾರದಾಯಿತು. ಜೋರಾಗಿ ಎಳೆದಾಗ ಚೌಕಟ್ಟಿನ ಮೂಲೆ ಬಿಟ್ಟುಕೊಂಡಿತು. ಮೇಜಿನ ಮೇಲಿನ ಹೊಳಪು ಉಗುರಿಗೆ ಸಿಕ್ಕಿ ಸಿಪ್ಪೆಯಂತೆ ಏಳತೊಡಗಿತು. ಸ್ಕ್ರೂಗಳ ಸುತ್ತ ಕಪ್ಪು ಬಳೆಗಳು, ಕಪಾಟುಗಳ ಒಳಗೆ ಬೂಷ್ಟಿನ ವಾಸನೆ.

ಈ ಸಲ ಇಡೀ ಒಳಮರಗೆಲಸವನ್ನೇ ಬಿಚ್ಚಿ ಫೆಬ್ರವರಿಯಲ್ಲಿ ಶಿರಾಡಿ ಘಾಟಿ ಹತ್ತಿಸಿ ಕಾಮಾಕ್ಷಿಪಾಳ್ಯದ ಒಂದು ಷೆಡ್ಡಿಗೆ ತರಲಾಯಿತು. ಒಟ್ಟು 46 ತುಂಡು: ಕ್ಯಾಬಿನ್ ಬಾಗಿಲು 2, ಕಪಾಟಿನ ಕದ 11, ಮೇಜಿನ ಹಲಗೆ 2, ಮಲಗುವ ಕಟ್ಟೆಯ ಮುಂದಿನ ಹಲಗೆ 6, ಸಾಮಾನು ಉರುಳದಂತೆ ಕೂರಿಸುವ ಅಂಚುಪಟ್ಟಿ 14, ತೇಗದ ವೆನೀರ್ (ತೆಳು ಮರದ ಹಾಳೆ) ಹಚ್ಚಿದ ಪ್ಲೈವುಡ್ ಪ್ಯಾನೆಲ್ 7, ಮೆಟ್ಟಿಲು 4. ಅಡ್ಡಗೋಡೆಗಳು ಮತ್ತು ಡೆಕ್ಕಿನ ತೊಲೆಗಳು ಬೋಟಿನಲ್ಲೇ ಉಳಿದವು, ಅವುಗಳ ಕೆಲಸ ಅಲ್ಲೇ ನಡೆಯಿತು. ಪ್ರತಿ ತುಂಡಿನ ಹಿಂಬದಿಗೆ ಅಂಕಿ ಕೆತ್ತಿ, ಅದೇ ಅಂಕಿಯನ್ನು ಬೋಟಿನ ಫೋಟೋಗಳ ಮೇಲೂ ಬರೆದಿಟ್ಟುಕೊಳ್ಳಲಾಯಿತು. ಪೆನ್ಸಿಲ್ ಗುರುತು ಉಜ್ಜುವಾಗ ಹೋಗುತ್ತದೆ, ಅಂಟಿಸಿದ ಚೀಟಿ ಸ್ಪಿರಿಟ್ಟಿಗೆ ಬಿಡುತ್ತದೆ. ಉಳಿಯ ಮೂಲೆಯಿಂದ ಕೆತ್ತಿದ ಅಂಕಿ ಮಾತ್ರ ಕೊನೆತನಕ ಉಳಿಯುವುದು. ಲಾರಿಯಲ್ಲಿ ಹಳೆ ಬೆಡ್‌ಶೀಟ್‌ ಸುತ್ತಿ ತಂದದ್ದು ಒಳ್ಳೆಯದಾಯಿತು. ಪ್ಲಾಸ್ಟಿಕ್ ಸುತ್ತಿದ್ದರೆ ಘಾಟಿಯ ತಂಪಿಗೆ ಒಳಗೇ ನೀರು ಬೆವರಿ, ಬರುವಷ್ಟರಲ್ಲಿ ಇನ್ನೊಂದು ಪದರ ಬಿಳಿಚಿರುತ್ತಿತ್ತು.

ಮೊದಲು ಪತ್ತೆ, ಆಮೇಲೆ ಕೆಲಸ

ಹಳೆ ಪಾಲಿಶ್ ಯಾವುದು ಎಂದು ತಿಳಿಯದೆ ಕೆರೆಯಲು ಶುರುಮಾಡಿದರೆ ಅರ್ಧ ಶ್ರಮ ವ್ಯರ್ಥ. ಇದಕ್ಕೆ ಯಂತ್ರ ಬೇಡ, ಎರಡು ಬಾಟಲಿ ಸಾಕು. ಕಣ್ಣಿಗೆ ಬೀಳದ ಮೂಲೆಯಲ್ಲಿ ಹತ್ತಿಯಿಂದ ಒಂದು ಹನಿ ಸ್ಪಿರಿಟ್ ಇಟ್ಟು ಒಂದು ನಿಮಿಷ ಬಿಟ್ಟು ಒರೆಸಬೇಕು. ಪಾಲಿಶ್ ಜಿಗುಟಾಗಿ ಹತ್ತಿಗೆ ಬಂದರೆ ಅದು ಅರಗಿನದು, ಅಂದರೆ ಫ್ರೆಂಚ್ ಪಾಲಿಶ್. ಸ್ಪಿರಿಟ್ಟಿಗೆ ಜಗ್ಗದೆ ಎನ್‌.ಸಿ. (ನೈಟ್ರೋಸೆಲ್ಯುಲೋಸ್) ಥಿನ್ನರಿಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಕರಗದಿದ್ದರೆ ಎಣ್ಣೆ ವಾರ್ನಿಶ್, ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಇರಬೇಕು. ಆಗ ಬ್ಲೇಡಿನಿಂದ ಕೆರೆದು ನೋಡಬೇಕು. ಹಳೆ ಎಣ್ಣೆ ವಾರ್ನಿಶ್ ಹಳದಿ ಪುಡಿಯಾಗಿ ಬರುತ್ತದೆ, ಮೆಲಮೈನ್ ಗಾಜಿನ ಹಾಗೆ ಚಕ್ಕೆಚಕ್ಕೆಯಾಗಿ ಸಿಡಿಯುತ್ತದೆ.

ಇಲ್ಲಿ ಸಿಕ್ಕಿದ್ದು ಹೀಗೆ. ಬಾಗಿಲು ಮತ್ತು ಕದಗಳ ಮೇಲೆ ಅರಗಿನ ಪಾಲಿಶ್, ಅದರ ಕೆಳಗೆ ಅಲ್ಲಲ್ಲಿ ಮೊದಲಿನ ಎಣ್ಣೆ ವಾರ್ನಿಶ್. ಮೇಜಿನ ಮೇಲೆ ಮೆಲಮೈನ್. ಎಲ್ಲ ತುಂಡುಗಳ ಹಿಂಬದಿ, ಹಿಂಜ್ ಕೂರುವ ಗುಳಿಗಳು, ಹಲಗೆಗಳ ಕೊನೆಗಳು ಬರಿಯ ಮರ. ಒಂದು ಬ್ರಷ್ ಕೂಡ ಅಲ್ಲಿ ಓಡಿರಲಿಲ್ಲ.

ಅರಗಿನ ಪಾಲಿಶ್ ಕೆಟ್ಟದ್ದು ಅಂತ ಯಾರೂ ಹೇಳಬಾರದು. ಮೈಸೂರಿನಲ್ಲಿ 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಶುರುವಾದ ನಾಡು ನಮ್ಮದು. ಬಸವನಗುಡಿಯ ಒಣ ಹಜಾರದಲ್ಲಿ ಅರಗಿನ ಪಾಲಿಶ್ ಹಚ್ಚಿದ ಕುರ್ಚಿ ಐವತ್ತು ವರ್ಷ ಮಿಂಚಿದ್ದುಂಟು. ಆದರೆ ಅರಗಿನ ಪದರ ನೀರಾವಿಯನ್ನು ಕುಡಿಯುತ್ತದೆ. ಕುಡಿದ ತೇವ ಪದರದೊಳಗೆ ಸೂಕ್ಷ್ಮವಾಗಿ ನಿಂತು ಬೆಳಕನ್ನು ಚದುರಿಸುವುದೇ ನಮಗೆ ಬಿಳಿಯಾಗಿ ಕಾಣುವುದು. ಮುಚ್ಚಿದ ಕ್ಯಾಬಿನ್, ಕೆಳಗೆ ನೀರು, ಹೊರಗೆ ಜೂನ್-ಜುಲೈನ ಮಳೆ: ಈ ಜಾಗಕ್ಕೆ ಅದು ಹೊಂದುವುದಿಲ್ಲ. ಹಾಗೆಯೇ ಮೆಲಮೈನ್ ತುಂಬ ಗಟ್ಟಿ, ಬಾಗುವ ಗುಣ ಕಡಿಮೆ. ಕೆಳಗಿನ ಮರ ಋತುವಿಗೊಮ್ಮೆ ಹಿಗ್ಗಿ ಕುಗ್ಗುವಾಗ ಅದು ಜೊತೆಗೆ ಹೋಗಲಾರದೆ ಬಿರಿಯುತ್ತದೆ. ತೇಗದ ಎಣ್ಣೆಯ ಅಂಶ ಒರೆಸದೆ ಹಚ್ಚಿದ್ದರಂತೂ ಹಿಡಿತವೂ ಇರುವುದಿಲ್ಲ.

ಇನ್ನೊಂದು ಪತ್ತೆ ಮರದ ಜಾತಿಯದು. ಎಲ್ಲವೂ ತೇಗ ಎಂದೇ ಮಾಲೀಕರು ತಿಳಿದಿದ್ದರು. ಕಟ್ಟೆಯ ಮುಂದಿನ ಆರು ಹಲಗೆಗಳಲ್ಲಿ ನಾಲ್ಕು ಹೆಬ್ಬಲಸಿನವು. ಹಳೆಯದಾದ ಹೆಬ್ಬಲಸು ಬಣ್ಣದಲ್ಲಿ ತೇಗದ ಹತ್ತಿರಕ್ಕೇ ಬರುತ್ತದೆ, ಕರಾವಳಿಯಲ್ಲಿ ಬೋಟಿಗೆ ಬಳಸುವ ಒಳ್ಳೆಯ ಮರವೂ ಹೌದು. ಗುರುತು ಹಿಡಿಯಲು ಹಲಗೆಯ ಕೊನೆಯನ್ನು ಹರಿತವಾದ ಬ್ಲೇಡಿನಿಂದ ನುಣ್ಣಗೆ ಕತ್ತರಿಸಿ ಮಸೂರದಲ್ಲಿ ನೋಡಬೇಕು. ತೇಗದಲ್ಲಿ ವರ್ಷದ ಉಂಗುರದ ಸಾಲಿಗೆ ದೊಡ್ಡ ರಂಧ್ರಗಳು ಒತ್ತಾಗಿ ಕೂತಿರುತ್ತವೆ. ಹೆಬ್ಬಲಸಿನಲ್ಲಿ ರಂಧ್ರಗಳು ಎಲ್ಲೆಡೆ ಹರಡಿರುತ್ತವೆ, ಉಂಗುರ ಸ್ಪಷ್ಟವಿರುವುದಿಲ್ಲ. ತೇಗ ಉಜ್ಜಿದಾಗ ಬರುವ ಚರ್ಮದಂಥ ವಾಸನೆ, ಬೆರಳಿಗೆ ಹತ್ತುವ ಮೇಣದ ಜಿಡ್ಡು ಇದರಲ್ಲಿಲ್ಲ. ಸಂಶಯ ಉಳಿದರೆ ಮಲ್ಲೇಶ್ವರ 18ನೇ ಕ್ರಾಸಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರ ಗುರುತಿಸಿ ಕೊಡುತ್ತಾರೆ. ಬೆಂಗಳೂರಿನವರಿಗೆ ಇದು ದೊಡ್ಡ ಅನುಕೂಲ. ಈ ಗುರುತು ಯಾಕೆ ಬೇಕೆಂದರೆ, ಎಣ್ಣೆಯ ಅಂಶ ತೆಗೆಯಲು ತೇಗಕ್ಕೆ ಬೇಕಾದ ಅಸಿಟೋನ್ ಒರೆಸು ಹೆಬ್ಬಲಸಿಗೆ ಬೇಕಿಲ್ಲ. ಎರಡೂ ಪಕ್ಕಪಕ್ಕ ಕೂರುವ ಕಡೆ ಬಣ್ಣದ ಹೊಂದಾಣಿಕೆಯನ್ನೂ ಮೊದಲೇ ಯೋಚಿಸಬೇಕು.

ಬಾಗಿಲು ಒಡೆದ ಲೆಕ್ಕ

ಈ ಪ್ರಕರಣದ ತಿರುಳು ಇಲ್ಲಿದೆ. ಬೋಟಿನಿಂದ ಇಳಿಸಿದ ದಿನ ಮುಳ್ಳು ಚುಚ್ಚುವ ಮೀಟರಿನಲ್ಲಿ ಮರದ ತೇವ 15ರಿಂದ 17% ತೋರಿಸಿತು. ಮಾರ್ಚಿನ ಬೆಂಗಳೂರಿನಲ್ಲಿ, ಗಾಳಿಯಾಡುವ ಷೆಡ್ಡಿನಲ್ಲಿ ಬಿಟ್ಟರೆ ಅದೇ ಮರ 9-10%ಕ್ಕೆ ಇಳಿಯುತ್ತದೆ. ಉಂಗುರಗಳ ಬದಿಯಿಂದ ಸೀಳಿದ, ಅಂದರೆ ಉಂಗುರಗಳು ಅಗಲದ ಮೈಗೆ ಸಮಾನಾಂತರವಾಗಿರುವ ತೇಗದ ಹಲಗೆ, ತೇವ 1% ಏರಿದಾಗ ಅಗಲದಲ್ಲಿ ಸುಮಾರು 0.19% ಹಿಗ್ಗುತ್ತದೆ. ನಡುವಿನಿಂದ ಹೊರಕ್ಕೆ ಸೀಳಿದ ಹಲಗೆಯಾದರೆ ಸುಮಾರು 0.10%. ಉದ್ದದಲ್ಲಿ ಲೆಕ್ಕಕ್ಕೆ ಬರುವಷ್ಟು ಬದಲಾವಣೆ ಇಲ್ಲ.

ಬಾಗಿಲಿನ ನಡುವಿನ ಹಲಗೆ 280 ಮಿ.ಮೀ. ಅಗಲ, ಬದಿಯಿಂದ ಸೀಳಿದ್ದು. ಹಿಂದಿನ ಸಲ ಬೇಸಿಗೆಯಲ್ಲಿ ಒಣಗಿ ಸಡಿಲವಾಗಿದ್ದ ಅದನ್ನು ಗಡಗಡ ಅನ್ನದಿರಲಿ ಎಂದು ಚೌಕಟ್ಟಿನ ತೋಡಿಗೆ ಅಂಟು ಸುರಿದು ಬಿಗಿ ಮಾಡಿದ್ದರು. 9%ರಲ್ಲಿ ಬಿಗಿಯಾದದ್ದು ಕರಾವಳಿಯಲ್ಲಿ 16%ಕ್ಕೆ ಏರಿದರೆ 280 × 0.0019 × 7, ಅಂದರೆ 3.7 ಮಿ.ಮೀ. ಹಿಗ್ಗಬೇಕು. ಹಿಗ್ಗಲು ಜಾಗವಿಲ್ಲ. ಮರ ಹಿಗ್ಗುವ ಬಲಕ್ಕೆ ಅಂಟು ನಿಲ್ಲುವುದಿಲ್ಲ, ಮೂಲೆಯ ಜೋಡಣೆಯೇ ಬಿಚ್ಚಿಕೊಂಡಿತು. ಪಾಲಿಶ್ ಎಷ್ಟೇ ಚೆನ್ನಾಗಿದ್ದರೂ ಈ ಬಾಗಿಲು ಒಡೆಯುತ್ತಿತ್ತು.

ಅದಕ್ಕೇ ಈ ಸಲ ಮರವನ್ನು ಬೆಂಗಳೂರಿನ ಬಿಸಿಲಿಗೆ ಪೂರ್ತಿ ಒಣಗಲು ಬಿಡಲಿಲ್ಲ. ತುಂಡುಗಳ ನಡುವೆ 20 ಮಿ.ಮೀ. ಪಟ್ಟಿ ಕೊಟ್ಟು ನೆರಳಿನಲ್ಲಿ ಪೇರಿಸಿ, ಮೇಲೆ ಗೋಣಿಚೀಲ ಹೊದಿಸಿ, ಮೂರು ವಾರ ದಿನ ಬಿಟ್ಟು ದಿನ ಮೀಟರ್ ಹಿಡಿದು ನೋಡಲಾಯಿತು. 12%ಕ್ಕೆ ಬಂದ ತುಂಡನ್ನು ಕೆಲಸಕ್ಕೆ ಎತ್ತಿಕೊಳ್ಳುವುದು, ಅದಕ್ಕಿಂತ ಕೆಳಗೆ ಹೋಗಲು ಬಿಡದಿರುವುದು. ಮುಖ, ಬೆನ್ನು ಎರಡಕ್ಕೂ ಮೊದಲ ಎರಡು ಕೋಟ್ ಬಿದ್ದ ಮೇಲೆ ಒಣಗುವ ವೇಗ ತಾನಾಗಿ ತಗ್ಗುತ್ತದೆ.

ಎರಡೂ ಬಾಗಿಲುಗಳ ಚೌಕಟ್ಟು ಬಿಚ್ಚಬೇಕಾಯಿತು. ಗಟ್ಟಿಯಾಗಿದ್ದ ಬಾಗಿಲಿನ ಜೋಡಣೆಗೆ ಬಿಸಿನೀರಿನ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಟ್ಟಾಗ ಬಿಳಿ ಅಂಟು ಮೆತ್ತಗಾಗಿ, ರಬ್ಬರ್ ಸುತ್ತಿಗೆಯ ಪೆಟ್ಟಿಗೆ ಬಿಟ್ಟಿತು. ಮತ್ತೆ ಕೂರಿಸುವಾಗ ತೋಡಿನ ಆಳ 10 ಮಿ.ಮೀ. ಇದ್ದದ್ದನ್ನು ಹಾಗೇ ಇಟ್ಟು, ಹಲಗೆಯ ಎರಡೂ ಬದಿಗೆ ತಲಾ 2 ಮಿ.ಮೀ. ಬಿಡುವು ಕೊಡಲಾಯಿತು. 12%ರಿಂದ 17%ಕ್ಕೆ ಏರಿದರೆ ಬೇಕಾದದ್ದು 2.7 ಮಿ.ಮೀ., ಸಿಕ್ಕಿದ್ದು 4. ಹಲಗೆಗೆ ಅಂಟಿಲ್ಲ. ಮೇಲೆ ಮತ್ತು ಕೆಳಗೆ ನಟ್ಟನಡುವೆ ಒಂದೊಂದು ಸಣ್ಣ ಹಿತ್ತಾಳೆ ಮೊಳೆ ಮಾತ್ರ, ಹಿಗ್ಗುವುದು ಎರಡೂ ಕಡೆಗೆ ಸಮವಾಗಿ ಆಗಲಿ ಎಂದು. ಜೋಡಿಸುವ ಮುಂಚೆಯೇ ಹಲಗೆಗೆ ಅಂಚುಸಮೇತ ಮೂರು ಕೋಟ್ ವಾರ್ನಿಶ್ ಆಗಿತ್ತು. ಇಲ್ಲದಿದ್ದರೆ ಬೇಸಿಗೆಯಲ್ಲಿ ಹಲಗೆ ಕುಗ್ಗಿದಾಗ ಚೌಕಟ್ಟಿನ ಪಕ್ಕ ಬಣ್ಣವಿಲ್ಲದ ಬಿಳಿ ಗೆರೆ ಇಣುಕುತ್ತದೆ. ಚೌಕಟ್ಟಿನ ಮೂಲೆಗಳಿಗೆ, ಅಸಿಟೋನ್ ಒರೆಸಿದ ಮೇಲೆ, ಎಪಾಕ್ಸಿ ಅಂಟು.

ಕೆರೆಯುವುದು, ಕಲೆ ತೆಗೆಯುವುದು

ಅರಗಿನ ಪಾಲಿಶಿಗೆ ಸ್ಪಿರಿಟ್ ಸಾಕು. ಹಳೆ ಬಟ್ಟೆಯನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ಐದು ನಿಮಿಷ ಹೊದಿಸಿ, ತೆಂಗಿನ ನಾರಿನ ಉಂಡೆಯಿಂದ ಎಳೆಯ ಉದ್ದಕ್ಕೆ ಉಜ್ಜಿದರೆ ಕಂದು ರಸವಾಗಿ ಬರುತ್ತದೆ. 7 ಲೀಟರ್ ಹಿಡಿಯಿತು. ಸ್ಟೀಲ್ ಉಣ್ಣೆಯನ್ನು ಮಾತ್ರ ತೇಗದ ಹತ್ತಿರ ತರಬಾರದು. ಮುರಿದ ಕಬ್ಬಿಣದ ಎಳೆಗಳು ರಂಧ್ರದಲ್ಲಿ ಉಳಿದು, ತೇವ ಸಿಕ್ಕಿದ ದಿನ ಮರದಲ್ಲಿರುವ ಟ್ಯಾನಿನ್ ಎಂಬ ಒಗರು ವಸ್ತುವಿನ ಜೊತೆ ಸೇರಿ ಕಪ್ಪು ಚುಕ್ಕೆ ಮಾಡುತ್ತವೆ. ಸ್ಕ್ರೂ ಸುತ್ತಲಿನ ಕಪ್ಪು ಬಳೆಗೂ ಇದೇ ಕಾರಣ. ಹಿಂದೆ ಯಾರೋ ಹಿತ್ತಾಳೆ ಸ್ಕ್ರೂ ಮುರಿದ ಕಡೆಗಳಲ್ಲಿ ಕಬ್ಬಿಣದ್ದು ಹಾಕಿದ್ದರು.

ಕೆಳಗೆ ಉಳಿದ ಎಣ್ಣೆ ವಾರ್ನಿಶಿಗೆ ಹೀಟ್ ಗನ್ ಮತ್ತು ಸ್ಕ್ರೇಪರ್. ಗನ್ನನ್ನು ಒಂದೇ ಕಡೆ ನಿಲ್ಲಿಸದೆ, ಪದರ ಗುಳ್ಳೆ ಏಳುವ ಕ್ಷಣಕ್ಕೆ ಕೆರೆದು ಮುಂದೆ ಹೋಗಬೇಕು. ನಮ್ಮ ಪಾಲಿಶ್ ಮೇಸ್ತ್ರಿಗಳು ಬಳಸುವ ಗಾಜಿನ ಚೂರು ಸಪಾಟು ಜಾಗಕ್ಕೆ ನಿಜಕ್ಕೂ ಸೊಗಸಾದ ಉಪಕರಣ. ಅಂಚುಪಟ್ಟಿಯ ಒಳಬಾಗಿದ ಮೈಗೆ ಮಾತ್ರ ಅದು ಗೆರೆ ಎಳೆಯುತ್ತದೆ, ಅಲ್ಲಿಗೆ ಆಕಾರಕ್ಕೆ ತಕ್ಕ ಬಾಗು ಸ್ಕ್ರೇಪರ್ ಬೇಕು. ಮೇಜಿನ ಮೆಲಮೈನಿಗೆ ಪೇಂಟ್ ರಿಮೂವರ್ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ 20 ನಿಮಿಷ ಬಿಟ್ಟು ಎತ್ತಲಾಯಿತು. ಇದರ ಹೊಗೆ ಕೆಟ್ಟದ್ದು, ಬಯಲಿನಲ್ಲೇ ಮಾಡಬೇಕು. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ರಕ್ಷಣೆ ಆಗುವುದಿಲ್ಲ, ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು.

ವೆನೀರ್ ಪ್ಯಾನೆಲ್ಲಿಗೆ ಬೇರೆಯೇ ಶಿಸ್ತು. ಪ್ಲೈ ಒಳ್ಳೆಯದೇ ಇತ್ತು, ಹಿಂಬದಿಯಲ್ಲಿ ಐಎಸ್ 710 ಎಂಬ ಮರೈನ್ ಪ್ಲೈ ಮುದ್ರೆ ಇನ್ನೂ ಓದಲು ಬರುತ್ತಿತ್ತು. ಆದರೆ ಮೇಲಿನ ತೇಗದ ವೆನೀರ್ ಅರ್ಧ ಮಿ.ಮೀ. ದಪ್ಪವೂ ಇಲ್ಲ. ಅದರ ಮೇಲೆ ಆರ್ಬಿಟಲ್ ಸ್ಯಾಂಡರ್ ಇಟ್ಟರೆ ಅಂಚಿನಲ್ಲಿ ಹತ್ತು ಸೆಕೆಂಡಿಗೆ ಕೆಳಗಿನ ಪದರ ಕಾಣುತ್ತದೆ. ಒಂದು ಪ್ಯಾನೆಲ್ಲಿನಲ್ಲಿ ಹಿಂದೆ ಯಾವಾಗಲೋ ಹೀಗಾಗಿತ್ತು. ಈ ಏಳಕ್ಕೂ ಸ್ಪಿರಿಟ್, ನಾರು, ಆಮೇಲೆ ಕಾರ್ಕ್ ತುಂಡಿಗೆ ಸುತ್ತಿದ 180, 220ರ ಉಜ್ಜುಕಾಗದ (ಅಂಕಿ ಹೆಚ್ಚಿದಷ್ಟೂ ನುಣುಪು), ಅಷ್ಟೇ, ಕೈಯಲ್ಲೇ. ಸವೆದ ಜಾಗಕ್ಕೆ ಹೊಸ ವೆನೀರಿನ ತೇಪೆ. ತೇಪೆಯನ್ನು ಚೌಕಾಕಾರವಾಗಿ ಕತ್ತರಿಸಿದರೆ ಎಳೆಗೆ ಅಡ್ಡ ಬರುವ ಗೆರೆ ಎದ್ದು ಕಾಣುತ್ತದೆ. ಎರಡೂ ತುದಿ ಚೂಪಾದ ದೋಣಿಯ ಆಕಾರದಲ್ಲಿ, ಎಳೆಯ ದಿಕ್ಕಿಗೇ ಕತ್ತರಿಸಿದರೆ ಕಣ್ಣು ಹಿಡಿಯುವುದು ಕಷ್ಟ. ಹೊಸ ತೇಗ ತಿಳಿಯಾಗಿ, ಪಟ್ಟೆಪಟ್ಟೆಯಾಗಿ ಇರುತ್ತದೆ. ಎರಡು ಮೂರು ದಿನ ಬಿಸಿಲಿಗಿಟ್ಟು ಬಣ್ಣ ಹದಕ್ಕೆ ಬಂದ ಮೇಲೆ ಅಂಟಿಸಿದ್ದರಿಂದ ಬಣ್ಣದ ಪುಡಿ ಬೆರೆಸುವ ಪ್ರಮೇಯ ಬರಲಿಲ್ಲ.

ತಿರುಗದ ಸ್ಕ್ರೂಗಳ ತಲೆಗೆ ಸಾಲ್ಡರಿಂಗ್ ಕಡ್ಡಿಯ ಬಿಸಿ ಒಂದು ನಿಮಿಷ ಕೊಟ್ಟು, ತಣ್ಣಗಾದ ಮೇಲೆ ಮೊದಲು ಬಿಗಿಮಾಡುವ ಕಡೆಗೆ ಸ್ವಲ್ಪ ತಿರುಗಿಸಿ ಆಮೇಲೆ ಬಿಚ್ಚಿದರೆ ಹೆಚ್ಚಿನವು ಬರುತ್ತವೆ. ಹಾಳಾದ 23 ತೂತುಗಳನ್ನು 10 ಮಿ.ಮೀ.ಗೆ ಹಿಗ್ಗಿಸಿ, ತೇಗದ್ದೇ ಬಿರಡೆ ಎಳೆ ಹೊಂದುವಂತೆ ಕೂರಿಸಿ ಎಪಾಕ್ಸಿ ಹಾಕಲಾಯಿತು. ಹೊಸ ಹಿತ್ತಾಳೆ ಸ್ಕ್ರೂ ತೇಗದಲ್ಲಿ ನೇರವಾಗಿ ಒತ್ತಿದರೆ ಕುತ್ತಿಗೆ ಮುರಿಯುತ್ತದೆ. ಅದೇ ಅಳತೆಯ ಕಬ್ಬಿಣದ ಸ್ಕ್ರೂ ಒಂದನ್ನು ಮೇಣ ಸವರಿ ಮೊದಲು ಒಳಗೆ ಹೋಗಿಸಿ, ದಾರಿ ಮಾಡಿ, ತೆಗೆದು, ಆಮೇಲೆ ಹಿತ್ತಾಳೆಯದನ್ನು ಹಾಕಬೇಕು.

ಕಪ್ಪು ಕಲೆಗೆ ಆಕ್ಸಾಲಿಕ್ ಆಸಿಡ್: ಒಂದು ಲೀಟರ್ ಬೆಚ್ಚಗಿನ ನೀರಿಗೆ 80 ಗ್ರಾಂ, ಪ್ಲಾಸ್ಟಿಕ್ ಪಾತ್ರೆಯಲ್ಲಿ, ಕೈಗೆ ಗ್ಲೌಸ್ ಹಾಕಿಕೊಂಡು. ಕಲೆಗೆ ಮಾತ್ರ ಹಚ್ಚಿದರೆ ಬಿಳಿ ಬಳೆ ಉಳಿಯುತ್ತದೆ, ಇಡೀ ಹಲಗೆಗೆ ಹಚ್ಚಬೇಕು. 20-30 ನಿಮಿಷ ಬಿಟ್ಟು ತೊಳೆದು, ಬೇಕಾದರೆ ಮತ್ತೊಮ್ಮೆ. ಇಲ್ಲಿ ಒಂದು ಎಡವಟ್ಟಾಯಿತು. ಮೊದಲ ಮೂರು ಕದಗಳನ್ನು ಷೆಡ್ಡಿನ ಬೋರ್‌ವೆಲ್ ನೀರಿನಲ್ಲಿ ತೊಳೆದಾಗ ಕಪ್ಪು ಹೋಗಿ ಬಿಳಿ ಮಂಜು ಬಂತು. ಗಡಸು ನೀರಿನ ಕ್ಯಾಲ್ಸಿಯಂ ಆಕ್ಸಾಲಿಕ್ ಆಸಿಡ್ ಜೊತೆ ಸೇರಿ ಕ್ಯಾಲ್ಸಿಯಂ ಆಕ್ಸಲೇಟ್ ಆಗುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲ, ಎಷ್ಟು ತೊಳೆದರೂ ಹೋಗುವುದಿಲ್ಲ. ಕೊನೆಗೆ ಉಜ್ಜಿಯೇ ತೆಗೆಯಬೇಕಾಯಿತು. ಉಳಿದದ್ದಕ್ಕೆ ಆಸಿಡ್ ಕಲಸುವುದಕ್ಕೂ ತೊಳೆಯುವುದಕ್ಕೂ 20 ಲೀಟರಿನ ಆರ್‌ಒ ನೀರಿನ ಕ್ಯಾನ್ ತರಿಸಲಾಯಿತು. ಮೂರು ಕ್ಯಾನಿನಲ್ಲಿ ಕೆಲಸ ಮುಗಿಯಿತು, ಮಂಜು ಮತ್ತೆ ಬರಲಿಲ್ಲ. ಬೆಂಗಳೂರಿನ ಹೊರವಲಯಗಳಲ್ಲಿ ಬೋರ್‌ವೆಲ್ ನಂಬಿ ಕೆಲಸ ಮಾಡುವ ಪ್ರತಿಯೊಬ್ಬ ಪಾಲಿಶ್‌ನವರಿಗೂ ಈ ವಿಷಯ ತಿಳಿದಿರಬೇಕು ಅನ್ನಿಸುತ್ತದೆ. ತೊಳೆದ ಮೇಲೆ ಮೂರು ದಿನ ನೆರಳಲ್ಲಿ ಒಣಗಿಸಿ, ಎದ್ದ ಎಳೆಯನ್ನು 220ರಲ್ಲಿ ಹಗುರಾಗಿ ಕೂರಿಸಬೇಕು. ಆಗ ಏಳುವ ಪುಡಿಯಲ್ಲಿ ಆಸಿಡ್ಡಿನ ಅಂಶ ಉಳಿದಿರಬಹುದು, ತೇಗದ ಪುಡಿಯೂ ಹಲವರ ಚರ್ಮಕ್ಕೆ, ಮೂಗಿಗೆ ಒಗ್ಗುವುದಿಲ್ಲ. ಮಾಸ್ಕ್ ತೆಗೆಯುವಂತಿಲ್ಲ.

ವೆನೀರ್ ಅಲ್ಲದ ಗಟ್ಟಿ ಮರಕ್ಕೆ ಕಾಗದದ ಕ್ರಮ 100, 150, 220. ಅದಕ್ಕಿಂತ ನುಣುಪು ಬೇಡ. 400ರವರೆಗೆ ಹೋಗಿ ಗಾಜಿನಂತೆ ಮಾಡಿದರೆ ಮೊದಲ ಕೋಟಿಗೆ ಹಿಡಿತವೇ ಸಿಗುವುದಿಲ್ಲ.

ಯಾವ ಲೇಪ, ಎಷ್ಟು

ಎಸ್.ಪಿ. ರಸ್ತೆಯ ಕಡೆಯ ಅಂಗಡಿಗಳಲ್ಲಿ ಎಣ್ಣೆ ವಾರ್ನಿಶ್ ಕೇಳಿದರೆ "ಈಗ ಅದನ್ನ ಯಾರು ಹಾಕ್ತಾರೆ ಸಾರ್, ಪಿಯು ತಗೊಳ್ಳಿ" ಅನ್ನುವ ಉತ್ತರವೇ ಹೆಚ್ಚು. ಎರಡು ಡಬ್ಬಿ ಬೆರೆಸುವ ಪಿಯು ಗಟ್ಟಿ, ನೀರಿಗೆ ಜಗ್ಗುವುದಿಲ್ಲ, ಊಟದ ಮೇಜಿಗೆ ಬಹಳ ಒಳ್ಳೆಯದು. ಆದರೆ ಬೋಟಿನಲ್ಲಿ ಎಲ್ಲೋ ಒಂದು ಕಡೆ ಪೆಟ್ಟಾಗಿ ತೇವ ಒಳಗೆ ಹೋದರೆ ಸುತ್ತಲಿನ ಪದರ ಎದ್ದುಬರುತ್ತದೆ. ಅಲ್ಲಿಗೆ ತೇಪೆ ಹಾಕಿ ಬೆರೆಸುವುದು ಕಷ್ಟ, ಇಡೀ ತುಂಡು ಕೆರೆಯಬೇಕು. ತಿಂಗಳಿಗೊಮ್ಮೆ ಹೋಗಿ ಒಂದು ಬ್ರಷ್ಷಿನಲ್ಲಿ ರಿಪೇರಿ ಮಾಡಿಕೊಳ್ಳುವ ಮಾಲೀಕರಿಗೆ ಅದು ಹೊಂದದು. ಬರಿ ಅಗಸೆ ಎಣ್ಣೆ ಸುಲಭ, ಆದರೆ ಗಾಳಿಯಿಲ್ಲದ ಕ್ಯಾಬಿನ್ನಿನಲ್ಲಿ ಅಂಟಂಟಾಗಿ ಉಳಿದು ಬೂಷ್ಟಿಗೆ ಆಹಾರವಾಗುತ್ತದೆ. ಹಾಗಾಗಿ ಬಾಗುವ ಗುಣವಿರುವ, ಬೋಟಿಗೆಂದೇ ಬರುವ ಎಣ್ಣೆಯಾಧಾರದ ಮರೈನ್ ವಾರ್ನಿಶ್. ಕೊನೆಯ ಕೋಟ್ ಮಾತ್ರ ಅರೆಹೊಳಪಿನದು. ಚಿಕ್ಕ ಕ್ಯಾಬಿನ್ನಿನಲ್ಲಿ ಪೂರ್ತಿ ಹೊಳಪಿದ್ದರೆ ಪ್ರತಿ ಕಿಟಕಿಯ ಬೆಳಕೂ ಕಣ್ಣಿಗೆ ಹೊಡೆಯುತ್ತದೆ.

ಲೆಕ್ಕ: ಕಾಣುವ ಮುಖ 9 ಚದರ ಮೀಟರ್, ಐದು ಕೋಟ್. ಬೆನ್ನು ಮತ್ತು ಅಂಚು 10 ಚದರ ಮೀಟರ್, ಮೂರು ಕೋಟ್. ಒಟ್ಟು 75 ಚದರ ಮೀಟರ್. ಲೀಟರಿಗೆ ಸುಮಾರು 12 ಚದರ ಮೀಟರ್ ಎಂದರೆ ಆರೂಕಾಲು ಲೀಟರ್, ಬ್ರಷ್ ಮತ್ತು ಬಟ್ಟಲಿನಲ್ಲಿ ಹೋದದ್ದೂ ಸೇರಿ 7 ಲೀಟರ್ ಖರ್ಚಾಯಿತು. ಮಿನರಲ್ ಟರ್ಪೆಂಟೈನ್ 4 ಲೀಟರ್, ಅಸಿಟೋನ್ 3 ಲೀಟರ್.

ಬೆನ್ನಿಗೆ ಯಾಕೆ ಎಂಬ ಪ್ರಶ್ನೆ ಬಡಗಿಗಳಿಂದ ಪ್ರತಿಸಲವೂ ಬರುತ್ತದೆ, "ಮರ ಉಸಿರಾಡಬೇಕು ಸಾರ್" ಎನ್ನುತ್ತಾರೆ. ಮುಖ ಮುಚ್ಚಿ ಬೆನ್ನು ತೆರೆದಿಟ್ಟರೆ ತೇವವೆಲ್ಲ ಒಂದೇ ಕಡೆಯಿಂದ ಹೋಗಿಬರುತ್ತದೆ. ಬೆನ್ನು ಹಿಗ್ಗಿ, ಮುಖ ಹಿಗ್ಗದೆ ಹಲಗೆ ಬಾಗುತ್ತದೆ. ಹನ್ನೊಂದು ಕದಗಳಲ್ಲಿ ಐದು ಹೀಗೇ ಬಾಗಿದ್ದವು. ಜೊತೆಗೆ ಎಳೆಯ ಕೊನೆಗಳು ಸ್ಟ್ರಾ ಕಟ್ಟಿನ ಹಾಗೆ, ಅಗಲದ ಮೈಗಿಂತ ಬಹಳ ಪಟ್ಟು ವೇಗದಲ್ಲಿ ನೀರು ಎಳೆಯುತ್ತವೆ. ಅದಕ್ಕೇ ಕೊನೆಗಳಿಗೆ ಎರಡು ಕೋಟ್ ಹೆಚ್ಚು, ಪ್ಲೈ ಅಂಚಿಗೆ ಮೊದಲು ಎರಡು ಸಲ ಎಪಾಕ್ಸಿ, ಹಿಂಜ್ ಗುಳಿ ಮತ್ತು ಸ್ಕ್ರೂ ತೂತಿನೊಳಗೂ ಸಣ್ಣ ಬ್ರಷ್ಷಿನಿಂದ ವಾರ್ನಿಶ್. ಹಿಂಬದಿ ಯಾರಿಗೂ ಕಾಣುವುದಿಲ್ಲ, ಆದರೆ ಮುಂಬದಿಯ ಆಯುಷ್ಯ ಅದರ ಕೈಯಲ್ಲಿದೆ.

ಮೆಟ್ಟಿಲುಗಳ ತುಳಿಯುವ ಮೈಗೆ ಏನೂ ಹಚ್ಚಲಿಲ್ಲ. ಒದ್ದೆ ಕಾಲಿಗೆ ವಾರ್ನಿಶ್ ಜಾರುತ್ತದೆ, ಬರಿಯ ತೇಗ ಹಿಡಿಯುತ್ತದೆ.

ಹಚ್ಚುವಾಗ ಆದ ಎರಡು ತಪ್ಪು

ಮೊದಲ ಕೋಟ್ ವಾರ್ನಿಶ್ ಮತ್ತು ಟರ್ಪೆಂಟೈನ್ ಸಮಸಮ, ಎರಡನೆಯದು ಮೂರಕ್ಕೆ ಒಂದು, ಆಮೇಲಿನವು ಡಬ್ಬಿಯಲ್ಲಿದ್ದ ಹಾಗೆ. ನಡುನಡುವೆ 18-24 ಗಂಟೆ, ಪ್ರತಿಸಲ 320ರ ಕಾಗದ. ಉಜ್ಜಿದಾಗ ಬಿಳಿ ಪುಡಿ ಬಂದರೆ ಒಣಗಿದೆ ಎಂದರ್ಥ, ಕಾಗದಕ್ಕೆ ಮೆತ್ತಿಕೊಂಡರೆ ಇನ್ನೊಂದು ದಿನ ಕಾಯಬೇಕು.

ಮೊದಲ ಬಾಗಿಲಿನ ಮೊದಲ ಕೋಟ್ ಮೂರು ದಿನವಾದರೂ ಬೆರಳಿಗೆ ಅಂಟುತ್ತಿತ್ತು. ಹವೆಯದು ದೋಷವಲ್ಲ, ಪಕ್ಕದ ಹೆಬ್ಬಲಸಿನ ಹಲಗೆ ಅದೇ ಡಬ್ಬಿಯ ವಾರ್ನಿಶಿನಲ್ಲಿ ಒಂದೇ ದಿನಕ್ಕೆ ಒಣಗಿತ್ತು. ತೇಗದಲ್ಲಿರುವ ಟೆಕ್ಟೋಕ್ವಿನೋನ್‌ನಂಥ ವಸ್ತುಗಳು ಎಣ್ಣೆ ಗಾಳಿಯಿಂದ ಆಮ್ಲಜನಕ ಹೀರಿ ಗಟ್ಟಿಯಾಗುವುದನ್ನು ತಡೆಯುತ್ತವೆ. ಬಾಗಿಲಿಗೆ ಹಿಂದಿನ ಸಂಜೆ ಅಸಿಟೋನ್ ಒರೆಸಿ ಮರುದಿನ ಬೆಳಿಗ್ಗೆ ವಾರ್ನಿಶ್ ಹಚ್ಚಿದ್ದರು. ಅಷ್ಟರಲ್ಲಿ ಒಳಗಿನ ಎಣ್ಣೆ ಮತ್ತೆ ಮೇಲಕ್ಕೆ ಬಂದಿತ್ತು. ಥಿನ್ನರಿನಲ್ಲಿ ಎಲ್ಲ ತೆಗೆದು, ಬಿಳಿ ಬಟ್ಟೆಗೆ ಹಳದಿ ಹತ್ತುವುದು ನಿಲ್ಲುವವರೆಗೆ ಅಸಿಟೋನ್ ಒರೆಸಿ, ಅರ್ಧ ಗಂಟೆಯೊಳಗೆ ಮತ್ತೆ ಹಚ್ಚಿದಾಗ ಸರಿಹೋಯಿತು. ಆಮೇಲೆ ಒಬ್ಬರು ಒರೆಸುತ್ತ ಮುಂದೆ, ಇನ್ನೊಬ್ಬರು ಬ್ರಷ್ ಹಿಡಿದು ಹಿಂದೆ, ಹೀಗೆ ಕೆಲಸ ಸಾಗಿತು.

ಎರಡನೆಯದು ಕಾಮಾಕ್ಷಿಪಾಳ್ಯಕ್ಕೇ ವಿಶೇಷ. ಪಕ್ಕದ ಷೆಡ್ಡುಗಳಲ್ಲಿ ದಿನವಿಡೀ ಗ್ರೈಂಡಿಂಗ್. ಮೂರನೇ ಕೋಟ್ ಒಣಗಿದ ಮೇಲೆ ನಾಲ್ಕು ಹಲಗೆಗಳಲ್ಲಿ ಸೂಜಿಮೊನೆಯಷ್ಟು ಚುಕ್ಕೆಗಳು ಕಂಡವು, ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಷೆಡ್ಡಿನ ಕಿಟಕಿಯಂಚಿನ ಮೇಲೆ ಆಡಿಸಿದಾಗ ಕಬ್ಬಿಣದ ಪುಡಿ ಮೆತ್ತಿಕೊಂಡು ಬಂತು. ಹಾಗೇ ಬಿಟ್ಟಿದ್ದರೆ ಕರಾವಳಿಯ ಉಪ್ಪುಗಾಳಿಗೆ ಪ್ರತಿ ಚುಕ್ಕೆಯೂ ತುಕ್ಕು ಹಿಡಿಯುತ್ತಿತ್ತು. ಆ ಕೋಟನ್ನು ಪೂರ್ತಿ ಉಜ್ಜಿ ತೆಗೆದು, ಬಿದಿರು ಗಳು ನಿಲ್ಲಿಸಿ ಪ್ಲಾಸ್ಟಿಕ್ ಹಾಳೆಯ ಕೋಣೆ ಕಟ್ಟಿ, ವಾರ್ನಿಶ್ ಹಚ್ಚುವ ಹೊತ್ತನ್ನು ಬೆಳಿಗ್ಗೆ 7ರಿಂದ 9ಕ್ಕೆ ಮತ್ತು ಭಾನುವಾರಗಳಿಗೆ ಸರಿಸಲಾಯಿತು. ಧೂಳು ಕೂರಲೆಂದು ನೆಲಕ್ಕೆ ನೀರು ಚಿಮುಕಿಸುವುದು ಹಿಂದಿನ ಸಂಜೆ ಮಾತ್ರ. ಬೆಳಿಗ್ಗೆ ಚಿಮುಕಿಸಿದರೆ ಆ ತೇವವೇ ಹೊಳಪನ್ನು ಮಂಕು ಮಾಡುತ್ತದೆ. ಏಪ್ರಿಲ್ ಕೊನೆಯಲ್ಲಿ ಮಾವಿನ ಮಳೆ ಬಿದ್ದ ಎರಡು ದಿನ ಬ್ರಷ್ ಮುಟ್ಟಲಿಲ್ಲ.

ಡಬ್ಬಿಯನ್ನು ಅಲ್ಲಾಡಿಸಿದರೆ ಗುಳ್ಳೆ ಬರುತ್ತದೆ, ಕಡ್ಡಿಯಿಂದ ನಿಧಾನವಾಗಿ ಕಲಕಿ, ಸೋಸಿ, ಬೇಕಾದಷ್ಟನ್ನು ಬಟ್ಟಲಿಗೆ ಬಗ್ಗಿಸಿಕೊಳ್ಳಬೇಕು. ಎಣ್ಣೆ ವಾರ್ನಿಶ್ ಒರೆಸಿದ ಬಟ್ಟೆಗಳನ್ನು ಉಂಡೆಮಾಡಿ ಮೂಲೆಗೆ ಎಸೆಯಲೇಬಾರದು. ಒಣಗುವಾಗ ಹುಟ್ಟುವ ಬಿಸಿ ಉಂಡೆಯೊಳಗೆ ನಿಂತು ತಾನಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ನೀರು ತುಂಬಿದ ಬಕೆಟ್ಟಿಗೆ ಹಾಕಬೇಕು, ಇಲ್ಲವೇ ಬಯಲಲ್ಲಿ ಒಂದೊಂದಾಗಿ ಹರವಬೇಕು.

ಮತ್ತೆ ಬೋಟಿಗೆ

ಇಬ್ಬರ 34 ದಿನದ ಕೆಲಸ, ಅದರಲ್ಲಿ 20 ದಿನ ಕೆರೆತ ಮತ್ತು ರಿಪೇರಿಗೇ ಹೋಯಿತು. ಮೇ ಮೂರನೇ ವಾರ, ಮಳೆಗೆ ಮುಂಚೆ, ಎಲ್ಲವೂ ಮಂಗಳೂರಿಗೆ ಹೊರಟಿತು. ತಲುಪಿದ ತಕ್ಷಣ ಕೂರಿಸಲಿಲ್ಲ. ಕ್ಯಾಬಿನ್ನಿನಲ್ಲೇ ನಾಲ್ಕು ದಿನ ಒರಗಿಸಿಟ್ಟು, ಆಮೇಲೆ ಬಾಗಿಲ ಸಂದನ್ನು ಬೀಗದ ಕಡೆ 3 ಮಿ.ಮೀ. ಇರುವಂತೆ ಕೀಸಿ, ಕೀಸಿದ ಅಂಚಿಗೆ ಅಲ್ಲೇ ಮತ್ತೆ ಮೂರು ಕೋಟ್. ಕಪಾಟಿನ ಕದಗಳ ಮೇಲೂ ಕೆಳಗೂ 25 ಮಿ.ಮೀ. ಗಾಳಿತೂತು ಎರಡೆರಡು ಕೊರೆದದ್ದರಿಂದ ಬೂಷ್ಟಿನ ವಾಸನೆ ನಿಂತಿತು.

ಬೋಟಿನಲ್ಲೇ ಉಳಿದಿದ್ದ ಅಡ್ಡಗೋಡೆಗಳಿಗೆ ಕೆಲಸ ಮಾಡುವಾಗ ಒಂದೇ ದೊಡ್ಡ ಭಯ, ಆವಿ. ಥಿನ್ನರ್, ಅಸಿಟೋನ್ ಆವಿ ಗಾಳಿಗಿಂತ ಭಾರ, ತಳದಲ್ಲಿ ನೀರು ನಿಲ್ಲುವ ಜಾಗಕ್ಕೆ ಇಳಿದು ತುಂಬಿಕೊಳ್ಳುತ್ತದೆ. ಬ್ಯಾಟರಿಯ ತಂತಿ ಬಿಚ್ಚಿ, ತಳದ ಪಂಪಿನ ಸ್ವಿಚ್ ಕೂಡ ಬಂದ್ ಮಾಡಿ, ಎಲ್ಲ ಕಿಟಕಿ ತೆರೆದೇ ಬ್ರಷ್ ಹಿಡಿಯಬೇಕು. ಮನೆಯ ಟೇಬಲ್ ಫ್ಯಾನ್ ಒಳಗಿಡಬಾರದು, ಅದರ ಕಿಡಿಯೊಂದು ಸಾಕು.

ಅಕ್ಟೋಬರಿನಲ್ಲಿ, ಒಂದು ಮಳೆಗಾಲ ಕಳೆದ ಮೇಲೆ ನೋಡಿದಾಗ ಮೀಟರ್ 17% ತೋರಿಸಿತು. 3 ಮಿ.ಮೀ. ಇದ್ದ ಬಾಗಿಲ ಸಂದು ಒಂದೂವರೆ ಆಗಿತ್ತು, ಬಾಗಿಲು ಒಂದೇ ಬೆರಳಿಗೆ ತೆರೆಯಿತು. ಬಾಗಿದ್ದ ಐದು ಕದಗಳಲ್ಲಿ ನಾಲ್ಕು ನೇರವಾಗಿದ್ದವು, ಐದನೆಯದು ಇನ್ನೂ 2 ಮಿ.ಮೀ. ಬಾಗು ಉಳಿಸಿಕೊಂಡಿದೆ. ಎಲ್ಲೂ ಬಿಳಿಚಿಲ್ಲ.

ಒಂದು ಪ್ಯಾನೆಲ್ ಮಾತ್ರ ಕೆಟ್ಟಿತ್ತು. ಎಡಬದಿಯ ಕಿಟಕಿಯ ಕೆಳಗಿನ 31ನೇ ಅಂಕಿಯ ಪ್ಲೈ, ಮೇಲಂಚಿನಲ್ಲಿ ಅರ್ಧಚಂದ್ರದಂಥ ಕಪ್ಪು. ಲೇಪ ಗಟ್ಟಿಯಾಗೇ ಇತ್ತು, ನೀರು ಹಿಂದಿನಿಂದ ಬಂದಿತ್ತು. ಕಿಟಕಿಯ ಚೌಕಟ್ಟಿನ ಹಳೆ ಸೀಲೆಂಟ್ ಬಿರಿದಿದ್ದು ಫೆಬ್ರವರಿಯಲ್ಲೇ ಕಣ್ಣಿಗೆ ಬೀಳಬೇಕಿತ್ತು, ಪ್ಯಾನೆಲ್ ಬಿಚ್ಚಿದ ದಿನ ಹೊರಗಿನಿಂದ ಒಂದು ಬಕೆಟ್ ನೀರು ಸುರಿದು ನೋಡಿದ್ದರೆ ಗೊತ್ತಾಗುತ್ತಿತ್ತು. ನವೆಂಬರಿನಲ್ಲಿ ಕಿಟಕಿ ಬಿಚ್ಚಿ ಹೊಸ ಸೀಲೆಂಟ್ ಹಾಕಿ, ಪ್ಯಾನೆಲ್ಲನ್ನು ಹದಿನೈದು ದಿನ ಒಣಗಲು ಬಿಟ್ಟು, 200 × 120 ಮಿ.ಮೀ. ಜಾಗವನ್ನು ಮಾತ್ರ ಕೆರೆದು, ಆ ಪ್ಯಾನೆಲ್ಲಿಗಷ್ಟೇ ಆಕ್ಸಾಲಿಕ್ ಹಚ್ಚಿ ತೊಳೆದು, ದಿನಕ್ಕೊಂದರಂತೆ ಐದು ಕೋಟ್. ಹೊಸದು ಹಳೆಯದು ಸೇರುವ ಗೆರೆಯನ್ನು 400ರಲ್ಲಿ ಹರಡಿ, ಕೊನೆಯ ಅರೆಹೊಳಪಿನ ಕೋಟನ್ನು ಇಡೀ ಪ್ಯಾನೆಲ್ಲಿಗೆ ಎಳೆದ ಮೇಲೆ ತೇಪೆ ಎಲ್ಲಿದೆ ಎಂದು ಗುರುತಿಸಲು ಪಕ್ಕದಿಂದ ಟಾರ್ಚ್ ಹಿಡಿಯಬೇಕಾಯಿತು. ಬಲಬದಿಯ ಎರಡು ಕಿಟಕಿಗಳ ಸೀಲೆಂಟ್ ಕೂಡ ಅದೇ ವಾರ ಬದಲಾಯಿತು.